ಎದೆಗೆ ಹಾಕಿದ್ರೆ ಪಾಪು ಕಿರುಚ್ತಿತ್ತು: ನಮ್ಮ ಮೊದಲ 13 ವಾರ

ಮೊನ್ನೆಗೆ ನಮ್ಮ ಪಾಪುಗೆ 13 ವಾರ ತುಂಬ್ತು. ಈಗ ಹಾಲು ಕುಡಿದು ತೊಡೆ ಮೇಲೆ ಮಲಗಿದೆ, ನಾನು ಒಂದು ಕೈಯಲ್ಲಿ ಟೈಪ್ ಮಾಡ್ತಿದ್ದೀನಿ. ಎರಡು ತಿಂಗಳ ಹಿಂದೆ ಹಿಂಗೆ ಒಂದು ದಿನ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ. ಆಗ ಎದೆ ಹತ್ರ ತಗೊಂಡ್ ಹೋದ್ರೆ ಸಾಕು, ಬೆನ್ನು ಬಿಲ್ಲಿನ ಥರ ಬಗ್ಗಿಸಿ, ಮುಷ್ಟಿ ಬಿಗಿ ಹಿಡಿದು, ಮುಖ ಕೆಂಪಗೆ ಮಾಡ್ಕೊಂಡು ಕಿರುಚೋದು. ಹಸಿವಾಗಿದೆ ಅಂತ ಗೊತ್ತು, ಬಾಯಿ ತೆಗೆದು ಹುಡುಕ್ತಿದೆ, ಆದ್ರೆ ಬಾಯಿಗೆ ಸಿಕ್ಕ ಮೇಲೆ ಎರಡು ನಿಮಿಷಕ್ಕೆ ಬಿಟ್ಟು ಅಳು. ಮತ್ತೆ ಹಿಡಿಯೋದು, ಮತ್ತೆ ಬಿಡೋದು. ಇದನ್ನ ಅನುಭವಿಸ್ತಿರೋ ತಾಯಂದ್ರು ಈಗಲೂ ಯಾರೋ ಒಬ್ಬರು ರಾತ್ರಿ ಎರಡು ಗಂಟೆಗೆ ಫೋನ್ ಹಿಡ್ಕೊಂಡು ಹುಡುಕ್ತಾ ಇರ್ತೀರ ಅಂತ ನಂಗೊತ್ತು, ನಾನೂ ಹಾಗೇ ಹುಡುಕಿದ್ದೆ. ಅದಕ್ಕೆ ಎಲ್ಲಾ ಮರೆತು ಹೋಗೋ ಮುಂಚೆ ಬರೆದಿಡ್ತಿದ್ದೀನಿ.

ಮೊದಲನೇ ದಿನದಿಂದ ಶುರು ಮಾಡ್ತೀನಿ, ಯಾಕಂದ್ರೆ ತಪ್ಪು ಅಲ್ಲೇ ಒಂದು ಶುರುವಾಗಿತ್ತು. ಹೆರಿಗೆ ಆಗಿ ಸ್ವಲ್ಪ ಹೊತ್ತಿಗೆ ಪಾಪುನ ಎದೆ ಮೇಲೆ ಮಲಗಿಸಿದ್ರು, ಅದು ಚೆನ್ನಾಗೇ ಇತ್ತು. ಆಮೇಲೆ ವಾರ್ಡಿಗೆ ಬಂದ ಮೇಲೆ ಪಾಪು ಸರಿಯಾಗಿ ಹಿಡೀತಿಲ್ಲ ಅಂತ ಅಲ್ಲಿದ್ದ ಒಬ್ರು ಸಹಾಯಕ್ಕೆ ಬಂದು, ಒಂದು ಕೈಯಲ್ಲಿ ನನ್ನ ಎದೆ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಪಾಪು ತಲೆ ಹಿಂದಿಂದ ಒತ್ತಿ ಬಾಯಿಗೆ ತುರುಕಿದ್ರು. ಪಾಪು ಅತ್ತಿತು, ಆದ್ರೆ ಕೊನೆಗೆ ಹಿಡೀತು. ನಾನು ಇದೇ ವಿಧಾನ ಅಂದ್ಕೊಂಡೆ. ಮುಂದಿನ ಐದು ವಾರ ದಿನಕ್ಕೆ ಹತ್ತು ಹನ್ನೆರಡು ಸಲ ಅದೇ ಥರ ತಲೆ ಹಿಂದೆ ಕೈ ಇಟ್ಟು ಒತ್ತಿದೀನಿ. ಈಗ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಎರಡನೇ ರಾತ್ರಿ ಇಡೀ ಪಾಪು ಮಲಗ್ಲಿಲ್ಲ. ಎದೆಯಿಂದ ತೆಗೆದ್ರೆ ಅಳು, ಹಾಕಿದ್ರೆ ಹತ್ತು ನಿಮಿಷ ನಿದ್ದೆ, ಮತ್ತೆ ಅಳು. ಪಕ್ಕದ ಬೆಡ್ಡಿನವರು ಪಾಪ ಎದ್ದು ಕೂತ್ಕೊಂಡು ನೋಡ್ತಿದ್ರು. ಆಮೇಲೆ ಗೊತ್ತಾಗಿದ್ದು ಎರಡನೇ ರಾತ್ರಿ ತುಂಬಾ ಮಕ್ಕಳು ಹಿಂಗೇ ಮಾಡ್ತವೆ ಅಂತ. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯೋದೇ ಹೆಚ್ಚು ಕಮ್ಮಿ ಒಂದು ಸಣ್ಣ ಚಮಚದಷ್ಟು. ಆ ಹಳದಿ ಗಟ್ಟಿ ಹಾಲು ಹನಿ ಹನಿ ಬಂದ್ರೂ ಸಾಕು, ಆದ್ರೆ ಪದೇ ಪದೇ ಬೇಕು. ಹಾಲು ಜೋರಾಗಿ ಇಳಿಯೋದು ಸಾಮಾನ್ಯವಾಗಿ ಎರಡರಿಂದ ಐದನೇ ದಿನದ ಒಳಗೆ, ಸಿಸೇರಿಯನ್ ಆಗಿದ್ರೆ ಇನ್ನೊಂದು ದಿನ ತಡ ಆಗ್ಬಹುದು. ಇದನ್ನ ಮುಂಚೇನೇ ಯಾರಾದ್ರೂ ಹೇಳಿದ್ರೆ ಆ ರಾತ್ರಿ ನಾನು ಅಷ್ಟು ಹೆದರ್ತಿರ್ಲಿಲ್ಲ.

ನಾಲ್ಕನೇ ದಿನ ತೂಕ ನೋಡಿದ್ರು. ಹುಟ್ಟಿದಾಗ 3.1 ಕೆಜಿ ಇದ್ದಿದ್ದು 2.85 ಆಗಿತ್ತು. ಕಾಲು ಕೆಜಿ ಕಮ್ಮಿ ಅಂದ ತಕ್ಷಣ ನನ್ನ ಎದೆ ಧಸಕ್ ಅಂತು. ಮೊದಲ ಕೆಲವು ದಿನ ನೂರಕ್ಕೆ ಏಳೆಂಟರಷ್ಟು ಇಳಿಯೋದು ಇದ್ದಿದ್ದೇ, ಹತ್ತಕ್ಕಿಂತ ಜಾಸ್ತಿ ಆದ್ರೆ ಮಾತ್ರ ಸರಿಯಾಗಿ ಪರೀಕ್ಷೆ ಮಾಡ್ಬೇಕು, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರ್ಬೇಕು ಅಂತ ಡಾಕ್ಟರ್ ಹೇಳಿದ್ರು. ಅದೇ ಸಂಜೆ ಹಾಲು ಇಳೀತು ನೋಡಿ, ಎದೆ ಕಲ್ಲಿನ ಥರ ಆಯ್ತು, ಮುಟ್ಟಕ್ಕೂ ಆಗ್ತಿರ್ಲಿಲ್ಲ. ಪಾಪು ಹಿಡಿಯಕ್ಕೆ ನೋಡುತ್ತೆ, ಬಾಯಿ ಜಾರುತ್ತೆ, ಅಳುತ್ತೆ. ಉಬ್ಬಿದ ಬಲೂನ್ ಕಚ್ಚಕ್ಕೆ ನೋಡಿದ ಹಾಗೆ. ಅವತ್ತು ನಂಗೆ ಸಹಾಯ ಆಗಿದ್ದು ಒಂದೇ ಒಂದು ವಿಷಯ: ತೊಟ್ಟಿನ ಸುತ್ತ ಬೆರಳ ತುದಿ ಇಟ್ಟು ಎದೆಗೂಡಿನ ಕಡೆಗೆ ಒಂದು ನಿಮಿಷ ಮೆತ್ತಗೆ ಒತ್ತಿ ಹಿಡಿಯೋದು. ಅಲ್ಲಿ ಮೆತ್ತಗಾಗುತ್ತೆ, ಆಮೇಲೆ ಕೈಯಲ್ಲಿ ಸ್ವಲ್ಪ ಹಾಲು ಹಿಂಡಿ ತೆಗೆದ್ರೆ ಮಗು ಬಾಯಿಗೆ ಸಿಗುತ್ತೆ. ಎರಡು ದಿನ ಹಿಂಗೇ ಮಾಡಿದ್ವಿ, ಸರಿ ಹೋಯ್ತು. 13ನೇ ದಿನ ತೂಕ 3.12. ನಮ್ಮ ಕಷ್ಟ ಮುಗೀತು ಅಂದ್ಕೊಂಡ್ವಿ.

ನಿಜವಾದ ಕಷ್ಟ ಶುರುವಾಗಿದ್ದು 24ನೇ ದಿನ.

ಸಂಜೆ ಐದೂವರೆ ಹೊತ್ತಿಗೆ ಹಾಲು ಕೊಡ್ತಿದ್ದೆ, ಚೆನ್ನಾಗೇ ಹಿಡಿದಿತ್ತು, ಇದ್ದಕ್ಕಿದ್ದಂಗೆ ಕೆಮ್ಮಿ ಬಿಟ್ಟು, ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ಮಾಡಿ, ಆಮೇಲೆ ಜೋರಾಗಿ ಕಿರುಚಕ್ಕೆ ಶುರು ಮಾಡ್ತು. ಸಮಾಧಾನ ಮಾಡಿ ಮತ್ತೆ ಹಾಕಿದೆ, ಅದೇ ಕಥೆ. ರಾತ್ರಿ ಹತ್ತರವರೆಗೆ ನಡೀತು. ಮಾರನೇ ದಿನವೂ ಅದೇ, ಅದರ ಮಾರನೇ ದಿನ ಬೆಳಗ್ಗೆಯಿಂದಲೇ ಶುರು. ಕಾಲು ಒದೆಯೋದು, ನನ್ನ ಎದೆನ ಎರಡೂ ಕೈಯಲ್ಲಿ ತಳ್ಳೋದು. ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಆ ತಳ್ಳೋದು. ಹೊರಗಿನವರು ಎತ್ಕೊಂಡ್ರೆ ಸುಮ್ಮನಾಗೋ ಮಗು ನನ್ನ ಹತ್ರ ಬಂದ ತಕ್ಷಣ ಅಳುತ್ತೆ ಅಂದ್ರೆ ನನ್ನನ್ನೇ ಬೇಡ ಅಂತಿದೆ ಅಂತ ಅನ್ನಿಸ್ತಿತ್ತು. ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದೀನಿ.

ಮನೇಲಿ ಎಲ್ರೂ ಹೇಳಿದ್ದು ಒಂದೇ ಮಾತು. "ಹಾಲು ಸಾಲ್ತಿಲ್ಲ ಕಣಮ್ಮ, ಮಗು ಹಸ್ಕೊಂಡು ಅಳ್ತಿದೆ" ಅಂತ ಅತ್ತೆ. "ನಿಂಗೆ ಟೆನ್ಶನ್ ಜಾಸ್ತಿ ಕಣೇ, ಅದಕ್ಕೆ ಹಾಲು ಬತ್ತಿದೆ" ಅಂತ ಅಮ್ಮ ಫೋನಲ್ಲಿ. ಯಾರೂ ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ, ಮಗು ಅಳೋದು ನೋಡಕ್ಕಾಗದೆ ಹೇಳಿದ್ದು. ಆದ್ರೆ ಕೇಳೋ ನಂಗೆ ಅದು ಚಾಕು ಹಾಕಿದ ಹಾಗೆ. ನನ್ನ ಎದೆಯೂ ಮುಂಚಿನ ಥರ ಬಿಗಿಯಾಗಿ ಇರ್ತಿರ್ಲಿಲ್ಲ, ಮೆತ್ತಗೆ ಇರೋದು, ಅದಕ್ಕೆ ನಾನೂ ಹೌದು ಅಂತ ನಂಬಿಬಿಟ್ಟೆ. ಮೊದಲ ಕೆಲವು ವಾರ ಆದ ಮೇಲೆ ಎದೆ ಮೆತ್ತಗಾಗೋದು ಸಹಜ, ಅದಕ್ಕೂ ಹಾಲು ಕಮ್ಮಿ ಆಗೋದಕ್ಕೂ ಸಂಬಂಧ ಇಲ್ಲ ಅಂತ ಆಗ ಗೊತ್ತಿರ್ಲಿಲ್ಲ.

ಆತುರದಲ್ಲಿ ಎದೆ ಹಾಲು ತೆಗೆಯೋ ಪಂಪ್ ತರಿಸಿದ್ವಿ. ಪಾಪು ಕುಡಿದ ಮೇಲೆ ಎರಡೂ ಕಡೆ ಹಾಕಿ ಇಪ್ಪತ್ತು ನಿಮಿಷ ಕೂತೆ, ಬಂದಿದ್ದು 30 ಎಂಎಲ್. ಬಾಟಲಿ ತಳದಲ್ಲಿ ಅಷ್ಟೇ ಅಷ್ಟು ಹಾಲು ನೋಡಿ ಕೈ ಕಾಲು ತಣ್ಣಗಾಯ್ತು. ದಯವಿಟ್ಟು ಇದನ್ನ ನೆನಪಿಟ್ಕೊಳ್ಳಿ, ಮಗು ಕುಡಿದು ಮುಗಿಸಿದ ಮೇಲೆ ಪಂಪ್ ಹಾಕಿದ್ರೆ ಅಷ್ಟೇ ಬರೋದು, ಎಷ್ಟೋ ಜನಕ್ಕೆ ಅಷ್ಟೂ ಬರಲ್ಲ. ಪಂಪಿನ ಅಳತೆ ಹಾಲಿನ ಅಳತೆ ಅಲ್ಲ. ಮಗು ಬಾಯಿ ಎಳೆಯೋ ಹಾಗೆ ಯಾವ ಮೆಷಿನ್ನೂ ಎಳೆಯಲ್ಲ.

ಅವತ್ತು ರಾತ್ರಿ ಫಾರ್ಮುಲಾ, ಅಂದ್ರೆ ಡಬ್ಬಿಯ ಪುಡಿ ಹಾಲು ಕೊಟ್ವಿ. ಪಾಪು ಬಾಟಲಿ ಪೂರ್ತಿ ಖಾಲಿ ಮಾಡ್ತು. "ನೋಡು, ಎಷ್ಟು ಹಸಿವಾಗಿತ್ತು" ಅಂದ್ರು ಎಲ್ರೂ. ನಾನು ಸೋತು ಹೋದೆ ಅಂತ ಅಂದ್ಕೊಂಡೆ. ಅರ್ಧ ಗಂಟೆ ಬಿಟ್ಟು ಕುಡಿದಿದ್ದೆಲ್ಲ ಕಕ್ಕಿಬಿಡ್ತು, ಆದ್ರೂ ನಂಗೆ ಅದರ ಅರ್ಥ ಆಗ್ಲಿಲ್ಲ. ಎಳೆ ಮಗು ಬಾಯಿಗೆ ಏನಾದ್ರೂ ಬಂದ್ರೆ ಚೀಪೋದು ಅದರ ಹುಟ್ಟುಗುಣ, ಬಾಟಲಿಯಿಂದ ಹಾಲು ತಾನಾಗೇ ಬರ್ತಾ ಇರುತ್ತೆ, ನುಂಗದೆ ಬೇರೆ ದಾರಿ ಇರಲ್ಲ. ಅದಕ್ಕೆ ಬಾಟಲಿ ಖಾಲಿ ಮಾಡಿದ್ದು ಹಸಿವಿಗೆ ಸಾಕ್ಷಿ ಅಲ್ಲ. ಫಾರ್ಮುಲಾ ಕೊಡೋದು ತಪ್ಪು ಅಂತ ನಾನು ಹೇಳ್ತಿಲ್ಲ, ತೂಕ ನೋಡಿ ಡಾಕ್ಟರ್ ಕೊಡಿ ಅಂದ್ರೆ ಒಂದು ಕ್ಷಣವೂ ಯೋಚನೆ ಮಾಡ್ಬೇಡಿ, ಮಗು ಹೊಟ್ಟೆ ತುಂಬೋದು ಮೊದಲು. ಆದ್ರೆ ತೂಕ ನೋಡದೆ, ಡಯಾಪರ್ ಲೆಕ್ಕ ಇಡದೆ, ಬರೀ ಅಳು ನೋಡಿ ತೀರ್ಮಾನ ಮಾಡಿದ್ದು ನಮ್ಮ ತಪ್ಪು.

30ನೇ ದಿನ ಮಕ್ಕಳ ಡಾಕ್ಟರ್ ಹತ್ರ ಹೋದ್ವಿ. ಒಂದೂವರೆ ಗಂಟೆ ಕಾದ್ವಿ, ಪಾಪು ಅಷ್ಟು ಹೊತ್ತೂ ಗಾಢ ನಿದ್ದೆ. ತೂಕದ ಮೇಲೆ ಮಲಗಿಸಿದಾಗ ನಾನು ಕಣ್ಣು ಮುಚ್ಕೊಂಡಿದ್ದೆ. 3.72 ಕೆಜಿ. 17 ದಿನದಲ್ಲಿ 600 ಗ್ರಾಂ! ಈ ವಯಸ್ಸಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದ್ರೆ ಸಾಕು, ನಮ್ಮದು ಅದಕ್ಕಿಂತ ಜಾಸ್ತಿ. ಮೂರು ದಿನದ ಫಾರ್ಮುಲಾದಿಂದ ಅಷ್ಟು ಏರಕ್ಕೆ ಸಾಧ್ಯಾನೇ ಇಲ್ಲ ಅಂದ್ರು ಡಾಕ್ಟರ್. ಒದ್ದೆ ಡಯಾಪರ್ ದಿನಕ್ಕೆ ಎಷ್ಟು ಅಂತ ಕೇಳಿದ್ರು, ಏಳೆಂಟು ಅಂದೆ. ಐದನೇ ದಿನ ಆದ ಮೇಲೆ ಆರು ಅಥವಾ ಜಾಸ್ತಿ ಇದ್ರೆ ಹಾಲು ಹೋಗ್ತಿದೆ ಅಂತ ಅರ್ಥ. ಬಾಯೊಳಗೆ ಬಿಳಿ ಪದರ ಇದ್ಯಾ, ನಾಲಿಗೆ ಕೆಳಗಿನ ದಾರ ಬಿಗಿಯಾಗಿ ಇದ್ಯಾ, ಕಿವಿ, ಮೂಗು ಕಟ್ಟಿದ್ಯಾ, ಎಲ್ಲಾ ನೋಡಿದ್ರು. ಏನೂ ಇಲ್ಲ. ಹಾಗಾದ್ರೆ ಯಾಕೆ ಅಳುತ್ತೆ ಅಂದೆ. ಒಂದು ಸಲ ನನ್ನ ಮುಂದೆ ಹಾಲು ಕೊಡಿ ಅಂದ್ರು. ಕೊಟ್ಟೆ. ಪಾಪು ಒಂದು ಚೂರೂ ಗಲಾಟೆ ಮಾಡದೆ ಹತ್ತು ನಿಮಿಷ ಕುಡಿದು ಮತ್ತೆ ಮಲಗಿಬಿಡ್ತು!

ನಾನು ಹೇಳ್ತಿರೋದು ಸುಳ್ಳು ಅನ್ನೋ ಹಾಗಾಯ್ತು. ಡಾಕ್ಟರ್ ಹಾಗೇನೂ ಅನ್ಲಿಲ್ಲ, ಲ್ಯಾಕ್ಟೇಶನ್ ಕೌನ್ಸೆಲರ್, ಅಂದ್ರೆ ಎದೆ ಹಾಲು ಕೊಡೋದಕ್ಕೆ ಸಹಾಯ ಮಾಡೋರು, ಒಬ್ರ ಹತ್ರ ಹೋಗಕ್ಕೆ ಬರೆದು ಕೊಟ್ರು. ಅವರ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಎಂಟು ದಿನ ಬಿಟ್ಟು. ಎಂಟು ದಿನ ಅಂದ್ರೆ ನಿಮಗೆ ಏನೂ ಅನ್ನಿಸ್ದೆ ಇರ್ಬಹುದು, ಎರಡು ಗಂಟೆಗೊಮ್ಮೆ ಆ ಯುದ್ಧ ಮಾಡೋರಿಗೆ ಅದು ನೂರು ಸಲ. ಫೋನ್ ಮಾಡಿ ಬೇಗ ಸಿಗುತ್ತಾ ಅಂತ ಕೇಳ್ದೆ, ಆಗಲ್ಲ ಅಂದ್ರು, ಆದ್ರೆ ಆ ಕಡೆ ಮಾತಾಡಿದವರು ಒಂದು ಒಳ್ಳೇ ಕೆಲಸ ಹೇಳಿದ್ರು: ಅಲ್ಲಿವರೆಗೆ ಒಂದು ಪುಸ್ತಕದಲ್ಲಿ ಬರೀರಿ, ಹಾಲು ಶುರು ಮಾಡಿ ಎಷ್ಟು ನಿಮಿಷಕ್ಕೆ ಅಳು ಬಂತು ಅಂತ. ಮತ್ತೆ ಒಂದು ವಿಡಿಯೋ ಮಾಡಿ ಇಟ್ಕೊಳ್ಳಿ, ಇಲ್ಲಿಗೆ ಬಂದ್ರೆ ಮಕ್ಕಳು ಅಳೋದೇ ಇಲ್ಲ ಅಂತ. ನಮಗೆ ಆಗಿದ್ದೂ ಅದೇ ಅಲ್ವಾ.

ಎಷ್ಟು ಸಲ ಕುಡೀತು, ಎಷ್ಟು ಹೊತ್ತು ಕುಡೀತು ಅಂತ ಎಲ್ರೂ ಬರೀತಾರೆ. ಅಳು ಯಾವ ನಿಮಿಷದಲ್ಲಿ ಬಂತು ಅಂತ ಯಾರೂ ಬರೆಯಲ್ಲ. ನಾನು ಇಷ್ಟುದ್ದ ಬರೀತಿರೋದೇ ಈ ಒಂದು ವಿಷಯಕ್ಕೆ. ನನ್ನ ಗಂಡ ಪಕ್ಕ ಕೂತು ಫೋನಲ್ಲಿ ಟೈಮ್ ನೋಡಿ ಬರೀತಿದ್ರು. ಮೂರನೇ ದಿನಕ್ಕೆ ಪುಟ ತುಂಬಿತ್ತು, ನೋಡ್ತಾ ಹೋದ್ರೆ ಒಂದೂವರೆ ನಿಮಿಷ, ಎರಡು ನಿಮಿಷ, ಒಂದು ಮುಕ್ಕಾಲು, ಎರಡು. ಬೆಳಗಿನ ಜಾವ ನಾನು ಮಲಗಿಕೊಂಡು ಕೊಟ್ಟಿದ್ದು ಮಾತ್ರ ಅಳು ಇಲ್ಲ. "ಹಾಲು ಇಲ್ದೆ ಅಳೋದಾದ್ರೆ ಎಲ್ಲಾ ಸಲ ಕರೆಕ್ಟಾಗಿ ಎರಡು ನಿಮಿಷಕ್ಕೆ ಯಾಕೆ ಅಳುತ್ತೆ?" ಅಂದ್ರು ಇವ್ರು. ಅವತ್ತು ಮೊದಲ ಸಲ ನಂಗೆ ಇದು ನನ್ನ ತಪ್ಪಲ್ಲ, ಏನೋ ಒಂದು ಕಾರಣ ಇದೆ ಅನ್ನಿಸಿದ್ದು.

38ನೇ ದಿನ ಕೌನ್ಸೆಲರ್ ಹತ್ರ ಹೋದ್ವಿ. ಡಿಸ್ಚಾರ್ಜ್ ಪೇಪರ್, ತೂಕದ ಕಾರ್ಡ್, ಆ ನೋಟ್‌ಬುಕ್, ಫೋನಲ್ಲಿ ನಾಲ್ಕು ವಿಡಿಯೋ, ಎರಡು ಟವೆಲ್ ತಗೊಂಡು. ಅವರು ಮೊದಲು ಮಾತೇ ಆಡ್ಲಿಲ್ಲ, ವಿಡಿಯೋ ನೋಡಿದ್ರು, ಸೌಂಡ್ ಜೋರು ಮಾಡಿ ಮತ್ತೆ ನೋಡಿದ್ರು. ಆಮೇಲೆ ಕೇಳಿದ್ರು, ಈ ಟಕ್ ಟಕ್ ಶಬ್ದ ಕೇಳಿಸ್ತಾ ಅಂತ. ನಾನು ಆ ಶಬ್ದನ ಸಾವಿರ ಸಲ ಕೇಳಿದ್ದೆ, ಚೀಪೋ ಶಬ್ದ ಅಂದ್ಕೊಂಡಿದ್ದೆ. ಅದು ಬಾಯಿ ಹಿಡಿತ ತಪ್ಪಿ ತಪ್ಪಿ ಮತ್ತೆ ಹಿಡಿಯೋ ಶಬ್ದ. ಆಮೇಲೆ ನಾನು ಕೊಡುವಾಗ ನೋಡಿದ್ರು. ಅದೃಷ್ಟಕ್ಕೆ ಅವತ್ತು ಪಾಪು ಅಳ್ತು. ಬಿಟ್ಟ ತಕ್ಷಣ ನನ್ನ ಎದೆಯಿಂದ ಹಾಲು ಪಿಚಕಾರಿ ಥರ ಚಿಮ್ಮಿ ಅದರ ಕೆನ್ನೆ, ಕಣ್ಣು, ಕಿವಿವರೆಗೆ ಬಿತ್ತು. "ಹಾಲು ಕಮ್ಮಿ ಅಂತ ಯಾರು ಹೇಳಿದ್ರು ನಿಮಗೆ?" ಅಂದ್ರು. ನಾನು ಅಲ್ಲೇ ಅಳಕ್ಕೆ ಶುರು ಮಾಡ್ದೆ.

ಅವರು ವಿವರಿಸಿದ್ದು ಹೀಗೆ. ಮಗು ಚೀಪಕ್ಕೆ ಶುರು ಮಾಡಿದಾಗ ಮೊದಲು ಹನಿ ಹನಿ ಬರುತ್ತೆ. ಆ ಚೀಪೋದ್ರಿಂದ ತಾಯಿ ಮೆದುಳಿಗೆ ಸುದ್ದಿ ಹೋಗಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ಬಿಡುಗಡೆ ಆಗುತ್ತೆ, ಅದು ಎದೆ ಒಳಗಿನ ಹಾಲಿನ ಚೀಲಗಳನ್ನ ಹಿಂಡುತ್ತೆ, ಒಂದೆರಡು ನಿಮಿಷಕ್ಕೆ ಹಾಲು ಧಾರಾಕಾರ ಬರುತ್ತೆ. ಇದಕ್ಕೆ ಲೆಟ್‌ಡೌನ್ ಅಂತಾರೆ. ನನ್ನಲ್ಲಿ ಹಾಲೂ ಜಾಸ್ತಿ, ಅದು ಇಳಿಯೋ ರಭಸವೂ ಜಾಸ್ತಿ. ಪಾಪುಗೆ ನುಂಗಕ್ಕೆ ಉಸಿರಾಡಕ್ಕೆ ಎರಡಕ್ಕೂ ಟೈಮ್ ಸಿಗ್ತಿರ್ಲಿಲ್ಲ, ಕೆಮ್ಮೋದು, ಬಿಡೋದು, ಹೆದರಿ ಕಿರುಚೋದು. ಗಟಗಟ ನುಂಗುವಾಗ ಗಾಳಿಯೂ ಹೋಗೋದು, ಅದಕ್ಕೆ ಹೊಟ್ಟೆ ಉಬ್ಬರ, ಕಾಲು ಒದೆಯೋದು, ಹಸಿರು ನೊರೆ ನೊರೆ ಕಕ್ಕ. ಎದೆ ತಳ್ತಿದ್ದದ್ದು ನನ್ನನ್ನ ಬೇಡ ಅಂತ ಅಲ್ಲ, ಉಸಿರಾಡಕ್ಕೆ ಜಾಗ ಮಾಡ್ಕೊಳ್ಳಕ್ಕೆ. ಈ ಮಾತು ಕೇಳಿದಾಗ ನಂಗಾದ ಸಮಾಧಾನ ಹೇಳಕ್ಕಾಗಲ್ಲ.

ಇನ್ನೊಂದು ವಿಷಯ ಹಿಡಿದ್ರು. ನನ್ನ ಕೈ. ಪಾಪು ತಲೆ ಹಿಂದೆ ಇದ್ದ ಕೈನ ಮೆಲ್ಲಗೆ ತೆಗೆದು ಕತ್ತಿನ ಕೆಳಗೆ, ಭುಜಗಳ ಮಧ್ಯ ಇಟ್ರು. ತಲೆ ಹಿಂದೆ ಒತ್ತಿದ್ರೆ ಯಾವ ಮಗುನೂ ಹಿಂದಕ್ಕೆ ತಳ್ಳುತ್ತೆ, ಮೂಗು ಎದೆಗೆ ಒತ್ತಿಕೊಳ್ಳುತ್ತೆ, ಗದ್ದ ದೂರ ಹೋಗುತ್ತೆ. ಕೆಮ್ಮು ಬಂದಾಗ ತಲೆ ಹಿಂದಕ್ಕೆ ತಗೊಳ್ಳಕ್ಕೂ ಬಿಡದೆ ನಾನು ಒತ್ತಿ ಹಿಡಿದಿದ್ದೆ. ಮೊದಲ ದಿನ ಕಲಿತಿದ್ದು ಅದೇ ತಾನೇ.

ಸರಿಯಾಗಿ ಹಿಡಿಸೋದು ಹೇಗೆ ಅಂತ ನಂಗೆ ಅರ್ಥ ಆದಷ್ಟು ಹೇಳ್ತೀನಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರ್ಬೇಕು, ಕಿವಿ, ಭುಜ, ಸೊಂಟ ಒಂದೇ ನೇರದಲ್ಲಿ ಇರ್ಬೇಕು, ಕತ್ತು ತಿರುಗಿಸಿ ಕುಡಿಯೋ ಹಾಗೆ ಇರ್ಬಾರ್ದು. ನಾವೇ ಕತ್ತು ತಿರುಗಿಸ್ಕೊಂಡು ಒಂದು ಲೋಟ ನೀರು ಕುಡಿದು ನೋಡಿದ್ರೆ ಗೊತ್ತಾಗುತ್ತೆ. ತೊಟ್ಟು ಬಾಯಿ ಎದುರಿಗೆ ಅಲ್ಲ, ಮೂಗಿನ ಎದುರಿಗೆ ಇಡಿ, ಮೇಲಿನ ತುಟಿಗೆ ತಾಗಿಸಿ, ಮಗು ತಲೆ ಸ್ವಲ್ಪ ಮೇಲಕ್ಕೆತ್ತಿ ದೊಡ್ಡದಾಗಿ ಬಾಯಿ ತೆಗೆಯುತ್ತೆ, ಆ ಕ್ಷಣಕ್ಕೆ ಮಗುನ ಹತ್ರ ಎಳ್ಕೊಳ್ಳಿ. ಎದೆನ ಮಗು ಹತ್ರ ತಗೊಂಡ್ ಹೋಗ್ಬೇಡಿ, ಬೆನ್ನು ಹೋಗುತ್ತೆ. ಗದ್ದ ಎದೆಗೆ ಒತ್ತಿರ್ಬೇಕು, ಮೂಗು ಬಿಡುವಾಗಿ ಇರ್ಬೇಕು, ಕೆಳತುಟಿ ಹೊರಗೆ ಮಡಚಿರ್ಬೇಕು, ತೊಟ್ಟಿನ ಸುತ್ತದ ಕಪ್ಪು ಭಾಗ ಮೇಲ್ಗಡೆ ಜಾಸ್ತಿ, ಕೆಳಗಡೆ ಕಮ್ಮಿ ಕಾಣ್ಬೇಕು. ಬಾಯಿ ಬಿಟ್ಟ ಮೇಲೆ ತೊಟ್ಟು ಹೊಸ ಲಿಪ್‌ಸ್ಟಿಕ್ ತುದಿ ಥರ ಓರೆಯಾಗಿ ಚಪ್ಪಟೆ ಆಗಿದ್ರೆ ಹಿಡಿತ ಸರಿ ಇಲ್ಲ ಅಂತ. ನನ್ನದು ಐದು ವಾರವೂ ಹಾಗೇ ಇತ್ತು, ನೋವೂ ಇತ್ತು, ಎಲ್ರಿಗೂ ಹಿಂಗೇ ಅಂತ ಸಹಿಸ್ಕೊಂಡಿದ್ದೆ.

ರಭಸಕ್ಕೆ ಏನು ಮಾಡೋದು ಅಂದ್ರೆ, ಒರಗಿಕೊಂಡು ಕೂತು ಅಥವಾ ಅರ್ಧ ಮಲಗಿ ಪಾಪುನ ನನ್ನ ಮೇಲೆ ಬೋರಲು ಹಾಕ್ಕೊಂಡು ಕೊಡೋದು. ಹಾಲು ಮೇಲಕ್ಕೆ ಏರಬೇಕು, ರಭಸ ಕಮ್ಮಿ ಆಗುತ್ತೆ, ಮಗುಗೆ ಬೇಕಾದಾಗ ತಲೆ ಎತ್ತಕ್ಕೂ ಆಗುತ್ತೆ. ಬೆಳಗಿನ ಜಾವ ಯಾಕೆ ಅಳ್ತಿರ್ಲಿಲ್ಲ ಅಂತ ಆಗ ಗೊತ್ತಾಯ್ತು, ಆಗ ನಾನು ಮಲಗೇ ಕೊಡ್ತಿದ್ದೆ, ತಲೆ ಹಿಂದೆ ಕೈ ಇರ್ತಿರ್ಲಿಲ್ಲ. ಇನ್ನೊಂದು, ಚೀಪಿ ಚೀಪಿ ಎದೆಯಲ್ಲಿ ಜುಮ್ ಅನ್ನೋ ಹಾಗೆ ಆಗುತ್ತಲ್ಲ, ಆಗ ಬಾಯಿಂದ ಬಿಡಿಸಿ ಆ ಮೊದಲ ಧಾರೆನ ಟವೆಲಿಗೆ ಹೋಗಕ್ಕೆ ಬಿಡೋದು, ನಿಧಾನ ಆದ ಮೇಲೆ ಮತ್ತೆ ಹಾಕೋದು. ಬಿಡಿಸುವಾಗ ಎಳೀಬೇಡಿ, ಬಾಯಿ ಮೂಲೆಯಲ್ಲಿ ಕಿರುಬೆರಳು ಹಾಕಿ ಗಾಳಿ ಬಿಡಿಸಿ. ಮಧ್ಯ ಮಧ್ಯ ತೇಗು ಬರಿಸಿ. ಅತ್ತು ಕೆರಳಿದ ಮೇಲೆ ಹಾಕಕ್ಕೆ ಹೋಗ್ಬೇಡಿ, ಅಳೋದು ಹಸಿವಿನ ಕೊನೇ ಸೂಚನೆ, ಅದಕ್ಕೂ ಮುಂಚೆ ಬಾಯಿ ಚಪ್ಪರಿಸೋದು, ಕೈ ಬಾಯಿಗೆ ತಗೊಳ್ಳೋದು, ತಲೆ ಆ ಕಡೆ ಈ ಕಡೆ ತಿರುಗಿಸಿ ಹುಡುಕೋದು ಇರುತ್ತೆ. ಕೆರಳಿಬಿಟ್ಟಿದ್ರೆ ಮೊದಲು ಬಟ್ಟೆ ತೆಗೆದು ಬರೀ ಎದೆ ಮೇಲೆ ಮಲಗಿಸ್ಕೊಂಡು ಸಮಾಧಾನ ಮಾಡಿ.

ತೂಕ ಚೆನ್ನಾಗಿ ಏರ್ತಿದ್ದಿದ್ದಕ್ಕೆ ಅವರು ನಂಗೆ ಮೂರ್ನಾಲ್ಕು ಗಂಟೆ ಒಂದೇ ಕಡೆ ಕೊಡಿ, ಆಮೇಲೆ ಇನ್ನೊಂದು ಕಡೆ ಅಂದ್ರು. ಇದನ್ನ ಮಾತ್ರ ನೀವೇ ಮಾಡಕ್ಕೆ ಹೋಗ್ಬೇಡಿ, ಹಾಲು ನಿಜವಾಗ್ಲೂ ಜಾಸ್ತಿ ಇಲ್ದಿದ್ರೆ ಇದ್ದಿದ್ದೂ ಕಮ್ಮಿ ಆಗುತ್ತೆ. ನಂಗೇ ಇದರಿಂದ ತೊಂದರೆ ಆಯ್ತು. 44ನೇ ದಿನ ಬಲಗಡೆ ಒಂದು ಜಾಗ ಕೆಂಪಗೆ ಗಟ್ಟಿಯಾಗಿ, ಚಳಿ ಜ್ವರ ಬಂತು. ಡಾಕ್ಟರ್ ಮಾತ್ರೆ ಕೊಟ್ರು, ಹಾಲು ಕೊಡೋದು ನಿಲ್ಲಿಸ್ಬೇಡಿ, ತಣ್ಣೀರ ಬಟ್ಟೆ ಇಡಿ, ಜೋರಾಗಿ ತಿಕ್ಕಬೇಡಿ ಅಂದ್ರು. ನಾಲ್ಕು ದಿನ ಹಾಸಿಗೆ ಹಿಡಿದೆ. ಆಮೇಲಿಂದ ಬಿಗಿ ಅನ್ನಿಸಿದ ಕಡೆ ಸ್ವಲ್ಪ ಮಾತ್ರ ಹಿಂಡಿ ಬಿಡ್ತಿದ್ದೆ, ಖಾಲಿ ಮಾಡ್ತಿರ್ಲಿಲ್ಲ, ಖಾಲಿ ಮಾಡಿದಷ್ಟೂ ಇನ್ನೂ ಜಾಸ್ತಿ ಬರುತ್ತೆ.

ಕೌನ್ಸೆಲರ್ ಹತ್ರ ಹೋಗಿ ಬಂದ ಮಾರನೇ ದಿನವೇ ಎಲ್ಲಾ ಸರಿ ಆಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಬೆಳಗಿನ ಹೊತ್ತು ಮೂರು ದಿನದಲ್ಲಿ ಸುಧಾರಿಸ್ತು. ಸಂಜೆ ಮಾತ್ರ ಇನ್ನೂ ಜಾಸ್ತಿ ಆಯ್ತು. ಆರನೇ ವಾರದ ಸುಮಾರಿಗೆ ಎಲ್ಲಾ ಮಕ್ಕಳ ಅಳುವೂ ತಾರಕಕ್ಕೆ ಹೋಗುತ್ತೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತೆ ಅಂತ ಡಾಕ್ಟರ್ ಹೇಳಿದ್ರು. ಅದೇ ಹೊತ್ತಿಗೆ ಬೆಳವಣಿಗೆಯ ಹಸಿವು ಬೇರೆ, ಸಂಜೆ ಅರ್ಧ ಅರ್ಧ ಗಂಟೆಗೆ ಎದೆ ಕೇಳೋದು. ಆಗ ನೋಟ್‌ಬುಕ್ ನಮ್ಮನ್ನ ಕಾಪಾಡ್ತು. ಎರಡು ನಿಮಿಷಕ್ಕೆ ಬರ್ತಿದ್ದ ಅಳು ಹೋಗಿ ಹತ್ತು ಹನ್ನೆರಡು ನಿಮಿಷಕ್ಕೆ ಬರ್ತಿತ್ತು, ಕೆಮ್ಮು ಇರ್ತಿರ್ಲಿಲ್ಲ. ಅಳು ಅದೇ ಥರ ಕೇಳಿಸಿದ್ರೂ ಅದು ಬೇರೆ ಅಳು. ಸಂಜೆ ಹಾಲು ನಿಧಾನ ಆಗುತ್ತೆ, ಮಗುಗೆ ಆಯಾಸ ಆಗಿರುತ್ತೆ. ಕತ್ತಲೆ ರೂಮಲ್ಲಿ ಓಡಾಡ್ತಾ ಕೊಟ್ರೆ, ಎದೆನ ಮೆಲ್ಲಗೆ ಅದುಮಿ ಹರಿವು ಜಾಸ್ತಿ ಮಾಡಿದ್ರೆ ಸಮಾಧಾನ ಆಗ್ತಿತ್ತು. ಕೆಲವೊಂದು ದಿನ ಯಾವುದಕ್ಕೂ ಆಗ್ತಿರ್ಲಿಲ್ಲ, ಇವ್ರು ಹೆಗಲ ಮೇಲೆ ಹಾಕ್ಕೊಂಡು ಗಂಟೆಗಟ್ಟಲೆ ತಿರುಗಾಡ್ತಿದ್ರು ಅಷ್ಟೇ.

ಅದಕ್ಕೆ ನಿಮ್ಮ ಮಗು ಅತ್ತಾಗ ಗಡಿಯಾರ ನೋಡಿ. ಬಾಯಿಗೆ ಹಾಕಿದ ತಕ್ಷಣ, ಹಾಲು ಇಳಿಯೋ ಮುಂಚೇನೇ ಎಳೆದಾಡಿ ಅಳ್ತಿದ್ರೆ ಹಾಲು ಇಳಿಯೋದು ತಡ ಆಗ್ತಿರ್ಬಹುದು, ಅದಕ್ಕೆ ಮುಂಚೆ ಬೆಚ್ಚಗಿನ ಬಟ್ಟೆ ಇಟ್ಟು ಕೈಯಲ್ಲಿ ಸ್ವಲ್ಪ ಹಿಂಡಿ ಶುರು ಮಾಡಿ. ಬಾಟಲಿ ಅಭ್ಯಾಸ ಆದ ಮಕ್ಕಳೂ ಹಿಂಗೇ ಅಳ್ತವೆ, ನಮ್ಮ ಪಾಪುನೂ ಆ ಮೂರು ದಿನದ ನಂತರ ಸ್ವಲ್ಪ ಹಿಂಗೆ ಮಾಡ್ತು. ಒಂದೆರಡು ನಿಮಿಷಕ್ಕೆ ಕೆಮ್ಮಿ ಬಿಟ್ಟು ಅತ್ರೆ ನಮ್ಮ ಥರ ರಭಸ. ಐದು ಹತ್ತು ನಿಮಿಷ ಆದ ಮೇಲೆ ಆದ್ರೆ ತೇಗು, ಅಥವಾ ಇನ್ನೊಂದು ಕಡೆ ಬೇಕು, ಅಥವಾ ಹೊಟ್ಟೆ ತುಂಬಿದೆ. ಒಂದೇ ಕಡೆ ಮಾತ್ರ ಬೇಡ ಅಂದ್ರೆ ಆ ಕಡೆ ಮಲಗಿದಾಗ ಕತ್ತು ಅಥವಾ ಕಿವಿ ನೋಯ್ತಿರ್ಬಹುದು, ತೋರಿಸಿ.

ಕಾಯಬಾರದ ವಿಷಯಗಳೂ ಇವೆ. ಮೂರು ತಿಂಗಳ ಒಳಗಿನ ಮಗುಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಜಾಸ್ತಿ ಜ್ವರ ಬಂದ್ರೆ, ಎಬ್ಬಿಸಿದ್ರೂ ಏಳದೆ ಹಾಲು ಕುಡಿಯದೆ ಇದ್ರೆ, ಒದ್ದೆ ಡಯಾಪರ್ ಕಮ್ಮಿ ಆದ್ರೆ, ಹಸಿರು ವಾಂತಿ ಆದ್ರೆ, ಕಕ್ಕದಲ್ಲಿ ರಕ್ತ ಕಂಡ್ರೆ, ಮೈ ಕಣ್ಣು ಹಳದಿ ಜಾಸ್ತಿ ಆಗ್ತಿದ್ರೆ ನೋಟ್‌ಬುಕ್ ಬದಿಗಿಟ್ಟು ಆಸ್ಪತ್ರೆಗೆ ಹೋಗಿ. ಸೆಕೆ ಅಂತ, ಅಳು ಅಂತ ನೀರು ಕುಡಿಸ್ಬೇಡಿ, ಆರು ತಿಂಗಳವರೆಗೆ ಎದೆ ಹಾಲು ಬಿಟ್ರೆ ನೀರೂ ಬೇಡ ಅಂತಾನೇ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು. ಇನ್ನೊಂದು, ಒಂದು ರಾತ್ರಿ ನಾನು ಸೋಫಾದಲ್ಲಿ ಒರಗಿ ಕೊಡ್ತಾ ನಿದ್ದೆ ಹೋಗಿದ್ದೆ, ಇವ್ರು ಬಂದು ನೋಡಿದಾಗ ಪಾಪು ನನ್ನ ತೋಳು ಮತ್ತೆ ಸೋಫಾ ಸಂದಿಗೆ ಜಾರಿತ್ತು. ಏನೂ ಆಗ್ಲಿಲ್ಲ, ಆದ್ರೆ ಈಗ್ಲೂ ನೆನೆಸ್ಕೊಂಡ್ರೆ ಮೈ ನಡುಗುತ್ತೆ. ನಿದ್ದೆ ಬರೋ ಹಾಗಿದ್ರೆ ಸೋಫಾದಲ್ಲಿ ಕೂರ್ಲೇಬೇಡಿ, ಯಾರನ್ನಾದ್ರೂ ಎಬ್ಬಿಸಿ ಪಕ್ಕ ಕೂರಿಸ್ಕೊಳ್ಳಿ.

ಖರ್ಚಿನ ಬಗ್ಗೆ ಕೇಳೋರಿಗೆ: ಪಂಪ್, ಮೂರು ಥರದ ಬಾಟಲಿ, ಗ್ಯಾಸಿನ ಡ್ರಾಪ್ಸ್, ಒಂದು ವಿಶೇಷ ದಿಂಬು, ಇಷ್ಟಕ್ಕೆ ಸುರಿದ ದುಡ್ಡು ಕೌನ್ಸೆಲರ್ ಫೀಸಿಗಿಂತ ತುಂಬಾ ಜಾಸ್ತಿ. ದಿಂಬು ಬಳಸಿದ್ದೇ ಇಲ್ಲ. ಮೊದಲು ತೂಕ ನೋಡಿಸಿ, ಆಮೇಲೆ ಹಾಲು ಕೊಡೋದನ್ನ ಕೂತು ನೋಡೋರು ಒಬ್ರನ್ನ ಹುಡುಕಿ, ಅದಾದ ಮೇಲೆ ಬೇಕಿದ್ರೆ ಸಾಮಾನು ತಗೊಳ್ಳಿ. ನೋಡದೇನೇ ಫೋನಲ್ಲೇ ಹಾಲು ಕಮ್ಮಿ ಅಂತ ಹೇಳೋರ ಮಾತು ಯಾರದ್ದೇ ಆಗಿರ್ಲಿ, ಒಂದು ದಿನ ತಡೆದು ಯೋಚನೆ ಮಾಡಿ.

ನನ್ನ ಬಗ್ಗೆನೂ ಒಂದು ಮಾತು ಹೇಳ್ಬೇಕು. ಏಳನೇ ವಾರದಲ್ಲಿ ಪಾಪು ಮಲಗಿದ್ರೂ ನಂಗೆ ನಿದ್ದೆ ಬರ್ತಿರ್ಲಿಲ್ಲ, ಅದು ಎದ್ದರೆ ಅನ್ನೋ ಭಯಕ್ಕೇ ಕೈ ಬೆವರ್ತಿತ್ತು. ಹೆರಿಗೆ ಆದ ಮೊದಲ ಎರಡು ವಾರ ಅಳು ಬರೋದು ಸಹಜ, ಅದನ್ನ ದಾಟಿ ಹಿಂಗೇ ಇದ್ರೆ ಹೇಳ್ಬೇಕು ಅಂತ ಡಾಕ್ಟರ್ ಮುಂಚೇನೇ ಅಂದಿದ್ರು. ಹೇಳ್ದೆ. ಮೂರು ಸಲ ಹೋಗಿ ಮಾತಾಡಿ ಬಂದೆ, ರಾತ್ರಿ ಒಂದು ಸಲದ ಹಾಲನ್ನ ಹಿಂಡಿಟ್ಟು ಇವ್ರ ಕೈಗೆ ಕೊಟ್ಟೆ, ಐದು ಗಂಟೆ ಒಂದೇ ಸಮ ಮಲಗಿದೆ. ಅತ್ತೆಗೂ ಆ ನೋಟ್‌ಬುಕ್ ತೋರಿಸಿದ್ವಿ. ಅವರು ಕನ್ನಡಕ ಹಾಕ್ಕೊಂಡು ಪುಟ ಪುಟ ಓದಿ, "ಇಷ್ಟು ದಿನ ಮಗು ಉಸಿರು ಕಟ್ಟಿ ಅಳ್ತಿತ್ತೇನಮ್ಮ, ನಾನು ಹಸಿವು ಅಂದ್ಕೊಂಡಿದ್ದೆ" ಅಂತ ನನ್ನ ಕೈ ಹಿಡ್ಕೊಂಡ್ರು. ಆಮೇಲಿಂದ ಸಂಜೆ ಹೊತ್ತು ಟವೆಲ್ ಮಡಚಿ ಪಕ್ಕದಲ್ಲಿ ಇಡೋದು ಅವರದ್ದೇ ಕೆಲಸ.

ಒಂಬತ್ತನೇ ವಾರಕ್ಕೆ ಸಂಜೆ ಅಳು ಅರ್ಧ ಗಂಟೆಗೆ ಇಳೀತು. ಹಾಲು ಮಗುವಿನ ಬೇಡಿಕೆಗೆ ಹೊಂದ್ಕೊಳ್ಳಕ್ಕೆ ಹನ್ನೆರಡು ವಾರದವರೆಗೆ ಬೇಕಾಗ್ಬಹುದು ಅಂತ ಕೌನ್ಸೆಲರ್ ಹೇಳಿದ್ರು, ನಮಗೆ ಹೆಚ್ಚು ಕಮ್ಮಿ ಅಷ್ಟೇ ಹಿಡೀತು. ನಿನ್ನೆ ಸಂಜೆ ಐದೂವರೆಗೆ ಕೂತ್ಕೊಂಡು, ಒರಗದೆ, ನೇರವಾಗಿ ಕೊಟ್ಟೆ. ಎರಡು ನಿಮಿಷ ಆಯ್ತು, ಎದೆ ಜುಮ್ ಅಂತು, ನಾನು ಉಸಿರು ಹಿಡ್ಕೊಂಡೆ. ಪಾಪು ಕಣ್ಣು ದೊಡ್ಡದು ಮಾಡಿ ನನ್ನ ನೋಡ್ತು, ನಾಲ್ಕು ಸಲ ಜೋರಾಗಿ ನುಂಗ್ತು, ಒಂದು ಉಸಿರು ಬಿಟ್ಟು ಕುಡೀತಾನೇ ಇತ್ತು. ಅತ್ತೆ ಇಟ್ಟಿದ್ದ ಟವೆಲ್ ಮಡಚಿದ ಹಾಗೇ ಒಣಗಿತ್ತು.